ಸೂಜಿಗೆ ಮುಂಚಿನ ಮುಕ್ಕಾಲು ಗಂಟೆ

(ಚಿಕ್ಕಬಳ್ಳಾಪುರದಲ್ಲಿ ಅಕ್ಯುಪಂಕ್ಚರ್ ಚಿಕಿತ್ಸೆಯ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ)

ಶಿಡ್ಲಘಟ್ಟದ ಕಡೆಯಿಂದ ಐವತ್ತೈದು ವರ್ಷದ ಹೆಂಗಸೊಬ್ಬರು ಮೊಣಕಾಲು ನೋವು ಅಂತ ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಇಪ್ಪತ್ತು ವರ್ಷದಿಂದ ರೇಷ್ಮೆ ನೂಲು ಬಿಚ್ಚುವ ಕೆಲಸ. ಒಂದು ಕೈಯಲ್ಲಿ ಎಕ್ಸ್‌ರೇ ಕವರು, ಇನ್ನೊಂದರಲ್ಲಿ ಮಾತ್ರೆ ತುಂಬಿದ ಪ್ಲಾಸ್ಟಿಕ್ ಚೀಲ. ಕೂತ ತಕ್ಷಣ ಅವರು ಕೇಳುವುದು ಒಂದೇ ಮಾತು: 'ಎಷ್ಟು ಸೂಜಿ ಹಾಕ್ತೀರಾ?' ಅದಕ್ಕೆ ಉತ್ತರ ಹೇಳಬೇಕಾದರೆ ಮುಕ್ಕಾಲು ಗಂಟೆ ಬೇಕು. ಇವತ್ತು ನಿಮ್ಮ ಜೊತೆ ಹೆಚ್ಚಾಗಿ ಮಾತಾಡುವುದು ಆ ಮುಕ್ಕಾಲು ಗಂಟೆಯ ಬಗ್ಗೆ. ಸೂಜಿಯ ಬಗ್ಗೆಯೂ ಹೇಳುತ್ತೇನೆ, ಅದರ ಸರದಿ ಬಂದಾಗ.

ಸಮಗ್ರ ಚಿಕಿತ್ಸೆ ಅನ್ನುವ ಮಾತು ಬೋರ್ಡಿನ ಮೇಲೆ ಬರೆದೂ ಬರೆದೂ ಸವೆದುಹೋಗಿದೆ. ಚೀನೀ ವೈದ್ಯದಲ್ಲಿ ಅದಕ್ಕೆ ಖಚಿತವಾದ ಅರ್ಥ ಇದೆ. ಮೊಣಕಾಲನ್ನು ಆ ಹೆಂಗಸಿನಿಂದ ಬೇರೆ ಮಾಡಿ ನೋಡಬಾರದು. ಆ ಹೆಂಗಸನ್ನು ಅವರು ಕುಡಿಯುವ ನೀರು, ಮಾಡುವ ಕೆಲಸ, ಉಣ್ಣುವ ಊಟ, ನಡೆಯುತ್ತಿರುವ ಋತು ಇವುಗಳಿಂದ ಬೇರೆ ಮಾಡಿ ನೋಡಬಾರದು. ಇದನ್ನು ಸೂಜಿ ಮಾಡಿಕೊಡುವುದಿಲ್ಲ, ಚಿಕಿತ್ಸಕರು ಕೇಳುವ ಪ್ರಶ್ನೆ ಮಾಡಿಕೊಡುತ್ತದೆ. ಎರಡು ನಿಮಿಷ ಎಕ್ಸ್‌ರೇ ನೋಡಿ ಹತ್ತು ಸೂಜಿ ಇಳಿಸಿದರೆ ಅದು ಸೂಜಿ ಹಾಕಿದ್ದಾಯಿತು, ಅಷ್ಟೆ.

ಪರೀಕ್ಷೆಗೆ ನಾಲ್ಕು ದಾರಿ. ನೋಡುವುದು, ಆಲಿಸುವುದು ಮತ್ತು ಮೂಸುವುದು, ವಿಚಾರಿಸುವುದು, ಮುಟ್ಟುವುದು. ಎರಡನೆಯದರಲ್ಲಿ ಎರಡು ಕೆಲಸ ಒಟ್ಟಿಗೆ ಹೇಗೆ ಬಂದವು ಅಂದರೆ, ಕೇಳಿಸಿಕೊಳ್ಳುವುದಕ್ಕೂ ಮೂಸುವುದಕ್ಕೂ ಚೀನೀ ಭಾಷೆಯಲ್ಲಿ 'ವೆನ್' ಅನ್ನುವ ಒಂದೇ ಪದ. ಧ್ವನಿ ಕ್ಷೀಣವೇ, ಉಸಿರು ಕಟ್ಟುತ್ತದೆಯೇ, ಬಾಯಿ ವಾಸನೆ ಹೇಗಿದೆ, ಎಲ್ಲ ಅದರಲ್ಲೇ ಬಂತು. ವಿಚಾರಿಸುವುದಕ್ಕೆ ಚೀನಾದ ಮಿಂಗ್ ಅರಸರ ಕಾಲದ ವೈದ್ಯ ಜಾಂಗ್ ಜೀಬಿನ್ (1563–1640) ಹತ್ತು ಪ್ರಶ್ನೆಗಳ ಕಟ್ಟು ಮಾಡಿಟ್ಟ. ಚಳಿಯೋ ಜ್ವರವೋ, ಬೆವರು, ತಲೆ ಮತ್ತು ಮೈ, ಮಲಮೂತ್ರ, ಊಟ, ಎದೆ, ಕಿವಿ, ಬಾಯಾರಿಕೆ, ಹೀಗೆ ಸಾಗುತ್ತದೆ. ನಮ್ಮಲ್ಲಿ ಮಗ್ಗಿ ಬಾಯಿಪಾಠ ಮಾಡಿಸುವ ಹಾಗೆ ಅಲ್ಲಿನ ವಿದ್ಯಾರ್ಥಿಗಳಿಗೆ ಇದನ್ನು ಹಾಡಿನಂತೆ ಕಲಿಸುತ್ತಾರೆ. ಮೊಣಕಾಲು ನೋವಿಗೆ ಬಂದವರನ್ನು ಮಲ ಸರಿಯಾಗಿ ಆಗುತ್ತದೆಯೇ ಅಂತ ಯಾಕೆ ಕೇಳುತ್ತಾರೆ ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಕಾರಣ ಇದು.

ಈಗ ನೋವಿನ ಸ್ವಭಾವಕ್ಕೆ ಬರೋಣ. ನಮ್ಮ ಕಡೆ 'ವಾಯು ಹಿಡ್ಕೊಂಡಿದೆ', 'ಥಂಡಿ ಸೇರ್ಕೊಂಡಿದೆ' ಅಂತಾರಲ್ಲ, ಚೀನೀ ವೈದ್ಯದ 'ಬಿ' ಅನ್ನುವ ಕಲ್ಪನೆ ಅದಕ್ಕೆ ಬಹಳ ಹತ್ತಿರ. ಬಿ ಅಂದರೆ ತಡೆ. ಕೀಲಿನಲ್ಲಿ ಹರಿಯಬೇಕಾದ್ದು ಹರಿಯದೆ ನಿಂತಿದೆ ಅಂತ ಅರ್ಥ. ಅದರಲ್ಲಿ ಬಗೆಗಳಿವೆ. ನೋವು ಇವತ್ತು ಮೊಣಕಾಲಿನಲ್ಲಿ, ನಾಳೆ ಭುಜದಲ್ಲಿ ಅಂತ ಜಾಗ ಬದಲಿಸಿದರೆ ಗಾಳಿಯ ಬಿ. ಒಂದೇ ಜಾಗದಲ್ಲಿ ಕಚ್ಚಿಕೊಂಡು, ತಣ್ಣೀರು ತಾಗಿದರೆ ಜಾಸ್ತಿಯಾಗಿ, ಬಿಸಿ ಶಾಖ ಕೊಟ್ಟರೆ ಹಾಯೆನಿಸಿದರೆ ಶೀತದ ಬಿ. ಕಾಲು ಭಾರ, ಊತ, ಮೋಡ ಮುಚ್ಚಿದ ದಿನ ಇನ್ನೂ ಜಾಸ್ತಿ ಅಂದರೆ ತೇವದ ಬಿ. ಕೀಲು ಕೆಂಪಾಗಿ, ಮುಟ್ಟಿದರೆ ಸುಡುವಂತಿದ್ದರೆ ಉಷ್ಣದ ಬಿ. ಹೆಸರು ಬೇರೆಯಾದರೆ ಚಿಕಿತ್ಸೆಯೂ ಬೇರೆ. ಶೀತದ್ದಾದರೆ ಸೂಜಿಯನ್ನು ಹೆಚ್ಚು ಹೊತ್ತು ಬಿಟ್ಟು, ಮೇಲೆ ಶಾಖವನ್ನೂ ಕೊಡುತ್ತಾರೆ. ಉಷ್ಣದ್ದಕ್ಕೆ ಶಾಖ ಮುಟ್ಟಿಸಬಾರದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಒಂದೇ ಕೀಲು ಇದ್ದಕ್ಕಿದ್ದಂತೆ ಊದಿ, ಕೆಂಪಾಗಿ, ಜೊತೆಗೆ ಜ್ವರವೂ ಬಂದಿದ್ದರೆ ಅದಕ್ಕೆ ಬಿ ಅಂತ ಹೆಸರಿಟ್ಟುಕೊಂಡು ಕೂರುವ ಹಾಗಿಲ್ಲ. ಕೀಲಿನೊಳಗೆ ಕೀವಾಗಿರಬಹುದು. ಅವತ್ತೇ ಆಸ್ಪತ್ರೆಗೆ ಕಳಿಸಬೇಕು. ಒಂದು ದಿನ ತಡವಾದರೂ ಕೀಲು ಹಾಳಾಗುವ ಸಾಧ್ಯತೆ ಇದೆ. ಕಾಲು ಜೋಮು ಹಿಡಿದು ಮೂತ್ರದ ಮೇಲಿನ ಹಿಡಿತ ತಪ್ಪಿದ್ದರೂ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೂ, ರಾತ್ರಿ ಮಲಗಿದಾಗಲೇ ನೋವು ಹೆಚ್ಚಾಗುತ್ತಿದ್ದರೂ ಅಷ್ಟೇ, ಸೂಜಿ ಡಬ್ಬಿ ತೆರೆಯಬಾರದು.

ಮುಂದಿನ ಪ್ರಶ್ನೆ ಆ ಹತ್ತರಲ್ಲಿ ಇಲ್ಲ, ನಮ್ಮ ಜಿಲ್ಲೆಗಳಿಗೆ ಬೇಕಾದ್ದು. 'ನಿಮ್ಮ ತವರು ಯಾವೂರಮ್ಮ?'

ಬಾಗೇಪಲ್ಲಿ, ಪಾವಗಡ, ಶ್ರೀನಿವಾಸಪುರ, ಮುಳಬಾಗಿಲು ಈ ಕಡೆಯ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಅನ್ನುವುದು ನಿಮಗೆ ಗೊತ್ತೇ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಮಿತಿ. ಅದಕ್ಕಿಂತ ಬಹಳ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಫ್ಲೋರೈಡ್ ಮೂಳೆಯಲ್ಲಿ ಸೇರುತ್ತದೆ, ಕೀಲು ಕಟ್ಟಿನಲ್ಲಿ ಸುಣ್ಣ ಕೂರುತ್ತದೆ, ಬೆನ್ನು ಮತ್ತು ಕತ್ತು ಬಿಗಿಯುತ್ತವೆ. ಇದು ಮೊದಲು ತೋರಿಸಿಕೊಳ್ಳುವುದು ಮಾಮೂಲಿ ಕೀಲುನೋವಿನ ರೂಪದಲ್ಲೇ. ತವರು ಯಾಕೆ ಕೇಳಬೇಕು? ಹಲ್ಲಿನ ಮೇಲಿನ ಕಂದು ಪಟ್ಟೆ ಬರುವುದು ಹಲ್ಲು ಒಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಸುಮಾರು ಎಂಟು ವರ್ಷದೊಳಗೆ, ಆ ನೀರು ಕುಡಿದವರಿಗೆ ಮಾತ್ರ. ಮದುವೆಯಾಗಿ ಆ ಊರಿಗೆ ಬಂದ ಹೆಂಗಸಿಗೆ ಮೂವತ್ತು ವರ್ಷ ಅದೇ ನೀರು ಕುಡಿದು ಮೂಳೆ ಕೆಟ್ಟಿದ್ದರೂ ಹಲ್ಲು ಬೆಳ್ಳಗೇ ಇರುತ್ತದೆ. ಹಲ್ಲು ಚೆನ್ನಾಗಿದೆ, ಫ್ಲೋರೈಡ್ ಇಲ್ಲ ಅಂತ ಅಂದುಕೊಂಡರೆ ತಪ್ಪಿದ್ದೇ ಅಲ್ಲಿ. ಹುಟ್ಟಿದ ಊರು ಹಲ್ಲಿನ ಲೆಕ್ಕಕ್ಕೆ ಬೇಕು, ಬಾಳುತ್ತಿರುವ ಊರು ಮೂಳೆಯ ಲೆಕ್ಕಕ್ಕೆ ಬೇಕು.

ಆಮೇಲೆ ಮೂರು ಚಲನೆ ಮಾಡಿಸಬೇಕು. ಮಂಡಿ ಮಡಿಸದೆ ಬಗ್ಗಿ ಕಾಲ ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈ ಚಾಚಿ ಮಡಿಸಿ ತಲೆಯ ಹಿಂಭಾಗ ಮುಟ್ಟುವುದು. ಮೂರೂ ಬಿಗಿಯಾಗಿದ್ದರೆ ನೀರಿನ ಪರೀಕ್ಷೆ, ಮೂತ್ರದ ಫ್ಲೋರೈಡ್ ಪರೀಕ್ಷೆ ಬರೆಯುವ ವೈದ್ಯರ ಹತ್ತಿರ ಕಳಿಸಬೇಕು. 'ನಾವು ಫಿಲ್ಟರ್ ನೀರೇ ಕುಡಿಯೋದು' ಅಂತ ಬಹಳ ಜನ ಹೇಳುತ್ತಾರೆ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಬರುವುದು ನಿಜ, ಆದರೆ ಮುದ್ದೆಗೆ ಎಸರಿಡುವುದು, ಸಾರು ಮಾಡುವುದು ಬೋರ್ ನೀರಿನಲ್ಲೇ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ದಟ್ಟವಾಗುತ್ತದೆ. ಅದಕ್ಕೇ 'ಕುಡಿಯೋಕೆ ಯಾವ ನೀರು' ಅಂತ ಕೇಳಿದ ಮೇಲೆ 'ಅಡುಗೆಗೆ ಯಾವ ನೀರು' ಅಂತಲೂ ಕೇಳಬೇಕು. ಸೂಜಿ ನೋವನ್ನು ತಗ್ಗಿಸಬಹುದು, ಮೂಳೆಯಲ್ಲಿ ಕೂತ ಫ್ಲೋರೈಡನ್ನು ಕದಲಿಸಲಾರದು. ನೀರನ್ನು ಬದಲಿಸದೆ ಸೂಜಿ ಹಾಕುತ್ತಾ ಹೋಗುವುದು ಸೋರುವ ಕೊಳಗಕ್ಕೆ ನೀರು ತುಂಬಿದ ಹಾಗೆ.

ನಾಲಿಗೆಗೆ ಬರುತ್ತೇನೆ. ಬೆಳಗಿನ ಬೆಳಕಿನಲ್ಲಿ, ನಾಲಿಗೆಯನ್ನು ಸಡಿಲವಾಗಿ ಚಾಚಿಸಿ, ಹತ್ತು ಹದಿನೈದು ಸೆಕೆಂಡಿನಲ್ಲಿ ನೋಡಿ ಮುಗಿಸಬೇಕು. ಬಹಳ ಹೊತ್ತು ಚಾಚಿದರೆ ಬಣ್ಣವೇ ಬದಲಾಗುತ್ತದೆ. ತುದಿ ಹೃದಯಕ್ಕೆ, ಅದರ ಹಿಂದಿನ ಭಾಗ ಶ್ವಾಸಕೋಶಕ್ಕೆ, ಅಂಚುಗಳು ಯಕೃತ್ತಿಗೆ, ನಡುವೆ ಜಠರ ಮತ್ತು ಪ್ಲೀಹಕ್ಕೆ, ಬುಡ ಮೂತ್ರಪಿಂಡಕ್ಕೆ ಅಂತ ಹಂಚಿಕೆ. ಅಂಚಿನಲ್ಲಿ ಹಲ್ಲಿನ ಗುರುತು ಬಿದ್ದು ಮೇಲೆ ಬಿಳಿ ದಪ್ಪ ಲೇಪ ಇದ್ದರೆ ತೇವ, ಹಳದಿ ಲೇಪ ಇದ್ದರೆ ಉಷ್ಣ, ಲೇಪವೇ ಇಲ್ಲದೆ ಕೆಂಪಗಿದ್ದರೆ ಯಿನ್, ಅಂದರೆ ಮೈಯ ತಂಪಿನ ಪಾಲಿನ, ಕೊರತೆ, ನೇರಳೆ ಛಾಯೆ ಇದ್ದರೆ ರಕ್ತದ ಚಲನೆ ನಿಂತಿದೆ ಅಂತ ಓದುತ್ತಾರೆ. ಇದರಲ್ಲಿ ಎಡವುವುದು ಸುಲಭ. ಎಲೆ ಅಡಿಕೆ, ಕಾಫಿ, ನೇರಳೆ ಹಣ್ಣು, ಕಬ್ಬಿಣದ ಮಾತ್ರೆ ಎಲ್ಲವೂ ನಾಲಿಗೆಗೆ ಬಣ್ಣ ಹಚ್ಚುತ್ತವೆ. ಕೆಲವರು ಬರುವ ಮುಂಚೆ ಶ್ರದ್ಧೆಯಿಂದ ನಾಲಿಗೆ ಕೆರೆದುಕೊಂಡು ಬರುತ್ತಾರೆ. ಓದಬೇಕಾದ ಲೇಪವೇ ಇಲ್ಲವಾಗುತ್ತದೆ. ಹಾಗಾಗಿ ಬರುವ ದಿನ ನಾಲಿಗೆ ಕೆರೆಯಬೇಡಿ ಅಂತ ಮೊದಲೇ ಹೇಳುವುದು ಒಳ್ಳೆಯದು. ನಾಲಿಗೆ ಬಿಳಿಚಿ ನುಣ್ಣಗಾಗಿದ್ದರೆ ರಕ್ತಹೀನತೆಯ ಪರೀಕ್ಷೆ ಆಗಬೇಕು. ಅಡಿಕೆ ಹಾಕುವವರ ಕೆನ್ನೆಯ ಒಳಗೆ, ನಾಲಿಗೆಯ ಪಕ್ಕದಲ್ಲಿ, ಒರೆಸಿದರೂ ಹೋಗದ ಬಿಳಿ ಮಚ್ಚೆ ಕಂಡರೆ ಮೊಣಕಾಲು ಆಮೇಲೆ, ಮೊದಲು ದಂತವೈದ್ಯರ ಹತ್ತಿರ ಹೋಗಬೇಕು.

ನಾಡಿಯನ್ನು ಮೂರು ಬೆರಳಿನಲ್ಲಿ ಹಿಡಿಯುವುದು ನಮಗೆ ಹೊಸದಲ್ಲ. ಆಯುರ್ವೇದದ ವೈದ್ಯರೂ ಮಣಿಕಟ್ಟಿನ ಅದೇ ಜಾಗದಲ್ಲಿ ಮೂರು ಬೆರಳಿಟ್ಟು ವಾತ, ಪಿತ್ತ, ಕಫ ಅಂತ ನೋಡುತ್ತಾರೆ. ಚೀನೀ ಪದ್ಧತಿಯಲ್ಲಿ ಎಡಗೈಯ ಮೂರು ಜಾಗ ಹೃದಯ, ಯಕೃತ್ತು, ಮೂತ್ರಪಿಂಡಕ್ಕೆ. ಬಲಗೈಯದು ಶ್ವಾಸಕೋಶ, ಪ್ಲೀಹ ಮತ್ತು ಮೂತ್ರಪಿಂಡದ ಬಿಸಿಯ ಪಾಲಾದ ಯಾಂಗ್‌ಗೆ. ಹಗುರವಾಗಿ ಇಟ್ಟು ಒಮ್ಮೆ, ಒತ್ತಿ ಒಮ್ಮೆ ನೋಡುತ್ತಾರೆ. 28 ಬಗೆಯ ನಾಡಿಗಳಿಗೆ ಹೆಸರಿದೆ. ವೀಣೆಯ ತಂತಿಯಂತೆ ಬಿಗಿದದ್ದು, ತಟ್ಟೆಯಲ್ಲಿ ಮುತ್ತು ಉರುಳಿದಂತೆ ಜಾರುವುದು ಹೀಗೆ. ಕ್ಷೀಣವಾದ ಒಂದು ನಾಡಿಯನ್ನು ಅವರು 'ರೇಷ್ಮೆ ಎಳೆಯಂತೆ' ಅಂತ ವರ್ಣಿಸುತ್ತಾರೆ. ಸಣ್ಣಗಿದ್ದರೂ ಕಡಿಯದೆ ಬೆರಳಿಗೆ ಸಿಗುತ್ತಲೇ ಇರುವ ಎಳೆ. ಗೂಡಿನಿಂದ ಎಳೆ ಹಿಡಿದು ಎತ್ತುವವರಿಗೆ ಈ ಹೋಲಿಕೆಯನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಆದರೆ ಒಂದೇ ಕೈಯನ್ನು ಇಬ್ಬರು ಹಿಡಿದರೆ ಇಬ್ಬರೂ ಬೇರೆ ಬೇರೆ ಹೆಸರು ಹೇಳುವುದುಂಟು. ನಾಡಿಯೊಂದನ್ನೇ ನಂಬಿ ತೀರ್ಮಾನ ಮಾಡಬಾರದು. ಬಡಿತ ತಪ್ಪುತ್ತಿದ್ದರೆ ಅದಕ್ಕೆ ಹೆಸರು ಹುಡುಕುವುದಕ್ಕಿಂತ ಇಸಿಜಿ ಮಾಡಿಸಿಕೊಂಡು ಬರಲು ಹೇಳುವುದೇ ಸರಿ.

ಅಂಗಗಳ ಹೆಸರು ಹೇಳಿದೆನಲ್ಲ, ಅದರಿಂದ ಆಗುವ ಗೊಂದಲ ದೊಡ್ಡದು. ಚೀನೀ ವೈದ್ಯದ 'ಗಾನ್' ಅನ್ನು ಯಕೃತ್ತು ಅಂತ ಅನುವಾದಿಸುತ್ತೇವೆ. ಅವರ ಲೆಕ್ಕದಲ್ಲಿ ಅದು ಸಿಟ್ಟು, ಕಣ್ಣು, ಸ್ನಾಯುವಿನ ಎಳೆ, ಮುಟ್ಟಿನ ಏರುಪೇರು ಎಲ್ಲವನ್ನೂ ನೋಡಿಕೊಳ್ಳುವ ಒಂದು ಇಲಾಖೆ. ಹೊಟ್ಟೆಯ ಬಲಗಡೆ ಇರುವ ಲಿವರ್ ಅಷ್ಟನ್ನೇ ಅದು ಸೂಚಿಸುವುದಿಲ್ಲ. 'ನಿಮ್ಮ ಲಿವರ್ ವೀಕಾಗಿದೆ', 'ಕಿಡ್ನಿ ಶಕ್ತಿ ಕಡಿಮೆಯಾಗಿದೆ' ಅಂತ ಬಾಯಿ ತಪ್ಪಿ ಹೇಳಿದರೆ ಬಂದವರು ಆ ರಾತ್ರಿ ನಿದ್ದೆ ಮಾಡುವುದಿಲ್ಲ. ಅಥವಾ ಅದಕ್ಕಿಂತ ಕೆಟ್ಟದಾಗಿ, ನಿಜವಾಗಿಯೂ ಕಿಡ್ನಿ ಕೆಟ್ಟವರು ಸೂಜಿಯಿಂದ ಸರಿಹೋಗುತ್ತದೆ ಅಂತ ನಂಬಿಬಿಡುತ್ತಾರೆ. ಈ ಪದಗಳು ಚಿಕಿತ್ಸಕರ ನೋಟ್‌ಬುಕ್ಕಿನಲ್ಲಿ ಇರಲಿ. ಹಾಗೆಯೇ ಅವರ ಐದು ತತ್ತ್ವಗಳನ್ನು ನಮ್ಮ ಪಂಚಭೂತಕ್ಕೆ ಒಂದಕ್ಕೊಂದು ಹೊಂದಿಸುವುದೂ ತಪ್ಪು. ಭೂಮಿ, ನೀರು, ಬೆಂಕಿ ಎರಡರಲ್ಲೂ ಇವೆ. ನಮ್ಮ ಗಾಳಿ, ಆಕಾಶದ ಜಾಗದಲ್ಲಿ ಅವರಿಗೆ ಮರ, ಲೋಹ. ಅವರ 'ಶಿಂಗ್' ಅನ್ನುವ ಪದಕ್ಕೆ ನಡೆ ಅನ್ನುವ ಅರ್ಥ ಇದೆ. ವಸ್ತು ಯಾವುದರಿಂದ ಆಗಿದೆ ಅನ್ನುವುದಕ್ಕಿಂತ ಒಂದು ಹಂತ ಇನ್ನೊಂದಕ್ಕೆ ಹೇಗೆ ತಿರುಗುತ್ತದೆ ಅನ್ನುವುದರ ಮೇಲೆ ಅವರ ಗಮನ. ಮರದಿಂದ ಬೆಂಕಿ, ಬೆಂಕಿಯಿಂದ ಬೂದಿ ಮಣ್ಣು, ಹೀಗೆ.

ಈಗ ಸೂಜಿಯ ಸರದಿ. ಕುರ್ಚಿಯಲ್ಲಿ ಕೂತಲ್ಲೇ ನಿಮ್ಮ ಬಲ ಮಂಡಿಯನ್ನು ಮಡಿಸಿ ಇಡಿ. ಚಿಪ್ಪಿನ ಕೆಳಗೆ ಹೊರಬದಿಗೆ ಒಂದು ಗುಳಿ ಸಿಗುತ್ತದೆ. ಅಲ್ಲಿಂದ ಕೆಳಗೆ ನಿಮ್ಮದೇ ನಾಲ್ಕು ಬೆರಳನ್ನು ಜೋಡಿಸಿ ಅಡ್ಡ ಇಡಿ, ಕಿರುಬೆರಳಿನ ಕೆಳಗಿನ ಗೆರೆಯ ಮಟ್ಟದಲ್ಲಿ ಮುಂಗಾಲಿನ ಮೂಳೆಯ ಏಣು ಹುಡುಕಿ, ಅದರಿಂದ ಹೊರಗೆ ಒಂದು ಬೆರಳಗಲ ಸರಿಯಿರಿ. ಒತ್ತಿದರೆ ಮಿಕ್ಕ ಜಾಗಕ್ಕಿಂತ ಸ್ವಲ್ಪ ಹೆಚ್ಚು ನೋಯುವ ಒಂದು ಬಿಂದು ಸಿಕ್ಕಿತೇ? ಅದು ಜೂಸಾನ್ಲಿ. ನಾಲ್ಕು ಬೆರಳಿನ ಅಗಲ ಮೂರು 'ಸುನ್', ಹೆಬ್ಬೆರಳ ಗೆಣ್ಣಿನ ಅಗಲ ಒಂದು ಸುನ್. ಅಳತೆ ಯಾವಾಗಲೂ ಮಲಗಿರುವವರ ಬೆರಳಿನದು. ಎತ್ತರದ ಚಿಕಿತ್ಸಕರು ತಮ್ಮ ದಪ್ಪ ಬೆರಳಿನಿಂದ ಗಿಡ್ಡ ಅಜ್ಜಿಯ ಕಾಲನ್ನು ಅಳೆದರೆ ಬಿಂದು ಒಂದಿಂಚು ಕೆಳಗೆ ಬೀಳುತ್ತದೆ. ಕಲಿಯುವವರು ಮಾಡುವ ಮೊದಲ ತಪ್ಪೇ ಇದು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಇಂಥ 361 ಬಿಂದುಗಳ ಜಾಗ ನಿಗದಿಯಾಗಿದೆ.

ನಮ್ಮ ಶಿಡ್ಲಘಟ್ಟದ ಅಮ್ಮನಿಗೆ ಚಿಪ್ಪಿನ ಕೆಳಗಿನ ಎರಡು ಗುಳಿ, ಚಿಪ್ಪಿನ ಮೇಲೆ ಒಳಗೂ ಹೊರಗೂ ಎರಡು ಸುನ್ ಎತ್ತರದಲ್ಲಿ ಒಂದೊಂದು ಬಿಂದು, ಮೀನಖಂಡದ ಹೊರಮೂಳೆಯ ತಲೆಯ ಮುಂದೆ ಕೆಳಗೆ ಒಂದು, ಒಳಬದಿಯ ಗುಳಿಯಲ್ಲಿ ಒಂದು, ಮತ್ತೆ ಜೂಸಾನ್ಲಿ. ಒಂದು ಮಂಡಿಗೆ ಏಳು. ಅವರು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು.

ಸೂಜಿ 0.25 ಮಿಲಿಮೀಟರ್ ದಪ್ಪ, 40 ಮಿಲಿಮೀಟರ್ ಉದ್ದ. ಚಿಪ್ಪಿನ ಪಕ್ಕಕ್ಕೆ 25 ಮಿಲಿಮೀಟರಿನದು ಸಾಕು. ಇಂಜೆಕ್ಷನ್ ಸೂಜಿಯಂತೆ ಒಳಗೆ ಟೊಳ್ಳಿರುವುದಿಲ್ಲ, ತುದಿ ಕತ್ತರಿಸುವಂತೆಯೂ ಇರುವುದಿಲ್ಲ. ಚರ್ಮವನ್ನು ಸ್ಪಿರಿಟ್ಟಿನಿಂದ ಒರೆಸಿ, ಅದು ಪೂರ್ತಿ ಆರುವವರೆಗೆ ಕಾಯಬೇಕು. ಹಸಿ ಇದ್ದಾಗ ಚುಚ್ಚಿದರೆ ಉರಿ, ಮತ್ತು ಆ ಉರಿಯಿಂದಲೇ ಬಹಳ ಜನ ಸೂಜಿಗೆ ಹೆದರುವುದು. ಚಿಕ್ಕ ಕೊಳವೆಯಲ್ಲಿ ಸೂಜಿ ಇಟ್ಟು ತಲೆಯ ಮೇಲೆ ಬೆರಳಿನಿಂದ ಒಂದು ತಟ್ಟು. ಅದು ಚರ್ಮ ದಾಟುತ್ತದೆ. ಕೊಳವೆ ತೆಗೆದು ನಿಧಾನವಾಗಿ ಇಳಿಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಅತ್ತಿತ್ತ ತಿರುಗಿಸಿದಾಗ ಒಂದು ಹಂತದಲ್ಲಿ ಸೂಜಿಯನ್ನು ಒಳಗಿನಿಂದ ಯಾರೋ ಹಿಡಿದಂತೆ ಬಿಗಿಯಾಗುತ್ತದೆ. ಗಾಳಕ್ಕೆ ಮೀನು ಕಚ್ಚಿದಂತೆ ಅನ್ನುತ್ತಾರೆ ಹಳಬರು. ಅದೇ ಹೊತ್ತಿಗೆ ಮಲಗಿದವರಿಗೆ ಅಲ್ಲಿ ಭಾರ, ಜೋಮು, ಒಳಗೇ ಉಬ್ಬಿದಂಥ ನೋವು. ಇದಕ್ಕೆ 'ದೆ ಚೀ' ಅನ್ನುತ್ತಾರೆ, ಚೀ ಬಂತು ಅಂತ. ಚೀ ಅಂದರೆ ಮೈಯಲ್ಲಿ ಹರಿಯುತ್ತದೆ ಅಂತ ಅವರು ನಂಬುವ ಪ್ರಾಣಶಕ್ತಿ. ಚುರುಕ್ ಅಂತ ಕರೆಂಟು ಹೊಡೆದಂತೆ ಪಾದದವರೆಗೆ ಓಡಿದರೆ ಅದು ಚೀ ಬಂದದ್ದಲ್ಲ, ಸೂಜಿ ನರಕ್ಕೆ ತಾಗಿದೆ. ತಕ್ಷಣ ಹಿಂದಕ್ಕೆ ತೆಗೆಯಬೇಕು. ಇಪ್ಪತ್ತರಿಂದ ಮೂವತ್ತು ನಿಮಿಷ ಬಿಟ್ಟು ತೆಗೆಯುವುದು.

ತಪ್ಪಾಗುವುದು ಎಲ್ಲಿ ಅಂತ ನಿಮಗೆ ಗೊತ್ತಿರಬೇಕು. ಎಲ್ಲಕ್ಕಿಂತ ಸಾಮಾನ್ಯವಾದದ್ದು ತಲೆಸುತ್ತು. ಸೋಮವಾರ, ಶನಿವಾರ, ಏಕಾದಶಿ ಅಂತ ಉಪವಾಸ ಇದ್ದು ಬಂದವರಿಗೆ, ಬಸ್ಸಿನಲ್ಲಿ ನಿಂತು ಬಂದವರಿಗೆ, ಮೊದಲ ಸಲ ಕೂರಿಸಿಯೇ ಸೂಜಿ ಹಾಕಿದರೆ ಮುಖ ಬಿಳಿಚಿಕೊಂಡು ಬೆವರಿ ಕುಸಿಯುತ್ತಾರೆ. ಎಲ್ಲ ಸೂಜಿ ತೆಗೆದು, ಮಲಗಿಸಿ, ಕಾಲು ಎತ್ತರದಲ್ಲಿಟ್ಟು, ಎಚ್ಚರ ಬಂದ ಮೇಲೆ ಸಕ್ಕರೆ ನೀರು ಕೊಡಬೇಕು. ಸೂಜಿ ಸಿಕ್ಕಿಕೊಳ್ಳುವುದು ಇನ್ನೊಂದು. ಕೆಮ್ಮಿದರೆ, ಕಾಲು ಅಲ್ಲಾಡಿಸಿದರೆ ಸ್ನಾಯು ಅದನ್ನು ಹಿಡಿದುಕೊಳ್ಳುತ್ತದೆ. ಜಗ್ಗಬಾರದು, ಸುತ್ತಲೂ ಮೆಲ್ಲಗೆ ಸವರಿ, ಹತ್ತಿರ ಇನ್ನೊಂದು ಸೂಜಿ ಇಳಿಸಿ ಸ್ವಲ್ಪ ಕಾದರೆ ತಾನೇ ಬಿಡುತ್ತದೆ. ಸೂಜಿ ಮುರಿಯುವುದು ಅಪರೂಪ, ಮುರಿದರೆ ಹಿಡಿಗೆ ಸೇರುವ ಬುಡದಲ್ಲೇ ಮುರಿಯುವುದು. ಅದಕ್ಕೇ ಹಿಡಿಯವರೆಗೂ ಇಳಿಸಬಾರದು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಲ್ಲಿ ನೀಲಿ ಕಟ್ಟುತ್ತದೆ. ತೆಗೆದ ಮೇಲೆ ಒಂದೆರಡು ನಿಮಿಷ ಹತ್ತಿ ಒತ್ತಿ ಹಿಡಿಯಬೇಕು. ರೇಷ್ಮೆ ನೂಲು ಬಿಚ್ಚುವ ಬಿಸಿನೀರಿನ ಬೇಸಿನ್ನಿನಲ್ಲಿ ದಿನವೆಲ್ಲ ಕೈ ಇಟ್ಟು ಚರ್ಮ ಸೀಳಿರುವವರಿಗೆ ಆ ಬೆರಳ ಸಂದಿಯ ಬಿಂದುಗಳಿಗೆ ಸೂಜಿ ಹಾಕಬಾರದು, ಒಡೆದ ಚರ್ಮದಿಂದ ಸೋಂಕು ಒಳಗೆ ಹೋಗುತ್ತದೆ.

ಭುಜದ ಮೇಲಿನ ಬಿಂದುವಿನ ಬಗ್ಗೆ ಸ್ವಲ್ಪ ನಿಲ್ಲಬೇಕು. ಕತ್ತಿಗೂ ಭುಜದ ತುದಿಗೂ ನಡುವೆ, ಮೂಟೆ ಹೊರುವ ಜಾಗ. ಎಪಿಎಂಸಿಯಲ್ಲಿ ಟೊಮೆಟೊ ಕ್ರೇಟು ಹೊತ್ತವರಿಗೆ ನೋವು ಕೂರುವುದೇ ಅಲ್ಲಿ, ಹಾಗಾಗಿ ಕೈ ಹೋಗುವುದೂ ಅಲ್ಲಿಗೇ. ಅದರ ಕೆಳಗೇ ಶ್ವಾಸಕೋಶದ ತುದಿ ಇದೆ. ತೆಳ್ಳಗಿನ ಮನುಷ್ಯನಿಗೆ ನೇರವಾಗಿ ಆಳಕ್ಕೆ ಇಳಿಸಿದರೆ ಶ್ವಾಸಕೋಶಕ್ಕೆ ತೂತು ಬೀಳಬಹುದು. ಸ್ನಾಯುವನ್ನು ಬೆರಳಿನಿಂದ ಎತ್ತಿ ಹಿಡಿದು, ಓರೆಯಾಗಿ, ಅರ್ಧ ಇಂಚಿಗಿಂತ ಕಡಿಮೆ. ಸೂಜಿ ಹಾಕಿಸಿಕೊಂಡ ಒಂದೆರಡು ದಿನದೊಳಗೆ ಎದೆನೋವು, ಉಸಿರಾಟದ ತೊಂದರೆ ಬಂದರೆ ಗ್ಯಾಸ್ ಅಂದುಕೊಂಡು ಕೂರಬೇಡಿ, ಎದೆಯ ಎಕ್ಸ್‌ರೇ ಮಾಡಿಸಿ. ಜರ್ಮನಿಯಲ್ಲಿ 2,29,230 ಜನರನ್ನು ಗಮನಿಸಿದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಶೇ 8.6 ಜನರಿಗೆ ಏನಾದರೊಂದು ತೊಂದರೆ ಆಗಿತ್ತು, ಹೆಚ್ಚಿನವು ರಕ್ತ ಜಿನುಗಿದ್ದು, ನೀಲಿಗಟ್ಟಿದ್ದು. ಶ್ವಾಸಕೋಶಕ್ಕೆ ಪೆಟ್ಟಾದದ್ದು ಇಬ್ಬರಿಗೆ. ಅಪರೂಪ ನಿಜ. ಆದರೆ ಸೂಜಿ ಎಷ್ಟು ಆಳ ಇಳಿಯಬೇಕು ಅನ್ನುವುದು ಹಿಡಿದವರ ಕೈಯಲ್ಲಿದೆ. ಬಸುರಿಯರಿಗೆ ಭುಜದ ಈ ಬಿಂದು, ಹೆಬ್ಬೆರಳ ಸಂದಿಯ ಹೆಗು, ಒಳ ಹರಡಿನ ಮೇಲೆ ಮೂರು ಸುನ್ ಎತ್ತರದ ಸಾನ್ಯಿನ್‌ಜ್ಯಾವ್ ಬಿಟ್ಟುಬಿಡುವುದು ಪದ್ಧತಿ. ತಿಂಗಳು ತಪ್ಪಿದ್ದರೆ ನಾಚಿಕೆ ಬಿಟ್ಟು ಮೊದಲೇ ಹೇಳಿ.

ಶಾಖ ಅಂದೆನಲ್ಲ, ಅದು ಮಾಕ್ಸಾ. ಸೊಪ್ಪನ್ನು ಒಣಗಿಸಿ ಕುಟ್ಟಿ ಹತ್ತಿಯಂತೆ ಮಾಡಿ ಬತ್ತಿ ಸುತ್ತುತ್ತಾರೆ. ಅದರ ಗಿಡ ಯಾವುದು ಅಂದರೆ ನಮ್ಮ ಮಾಚಿಪತ್ರೆಯ ಕುಲದ್ದೇ. ಗಣೇಶನ ಹಬ್ಬದ ಇಪ್ಪತ್ತೊಂದು ಪತ್ರೆಯಲ್ಲಿ ಇಡುತ್ತೀರಲ್ಲ, ಅದು. ಹೂವಿನ ಮಾರುಕಟ್ಟೆಯ ದವನವೂ ಅದೇ ಕುಟುಂಬ. ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಔಷಧ ಕೊಟ್ಟ ಚೀನೀ ಗಿಡವೂ ಅದೇ ಕುಲದ್ದು. ಅದನ್ನು ಹೊರತೆಗೆದ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಹಳೆಯ ಗ್ರಂಥವೊಂದರಲ್ಲಿ ಸೊಪ್ಪನ್ನು ನೀರಿನಲ್ಲಿ ನೆನೆಸಿ ಹಿಂಡಿ ಕುಡಿಯಬೇಕು ಅಂತ ಇದ್ದದ್ದನ್ನು ಓದಿ, ಕುದಿಸಿದ್ದರಿಂದಲೇ ಸತ್ವ ಹಾಳಾಗುತ್ತಿರಬೇಕು ಅಂತ ಅವರು ಊಹಿಸಿದರು. ಇರಲಿ, ಬತ್ತಿಯ ವಿಷಯ. ಹೊತ್ತಿಸಿದ ತುದಿಯನ್ನು ಚರ್ಮದಿಂದ ಎರಡು ಮೂರು ಸೆಂಟಿಮೀಟರ್ ದೂರ ಹಿಡಿದು ಹತ್ತು ಹದಿನೈದು ನಿಮಿಷ, ಚರ್ಮ ನಸುಗೆಂಪಾಗುವವರೆಗೆ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಸುಡುವುದು ಗೊತ್ತೇ ಆಗುವುದಿಲ್ಲ. ಅವರ ಪಾದಕ್ಕೆ ಇದನ್ನು ಹಿಡಿಯಲೇಬಾರದು. ಚಿಕಿತ್ಸಕರು ತಮ್ಮ ಇನ್ನೊಂದು ಕೈಯ ಬೆರಳನ್ನು ಬಿಂದುವಿನ ಪಕ್ಕದಲ್ಲಿಟ್ಟು ಬಿಸಿ ನೋಡುತ್ತಲೇ ಇರಬೇಕು.

ಇದರಿಂದ ಗುಣವಾಗುತ್ತದೆಯೇ? ಇದನ್ನು ನೀವು ಕೇಳಲೇಬೇಕು, ನಾನು ನೇರವಾಗಿ ಹೇಳಲೇಬೇಕು. 1971ರಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್‌ಗೆ ಬೀಜಿಂಗ್‌ನಲ್ಲಿ ಅಪೆಂಡಿಕ್ಸ್ ಆಪರೇಷನ್ ಆಯಿತು. ಅರಿವಳಿಕೆ ಇಲ್ಲದೆ ಬರೀ ಸೂಜಿಯಲ್ಲಿ ಕೊಯ್ದರು ಅಂತ ಇವತ್ತಿಗೂ ಹೇಳುವವರಿದ್ದಾರೆ. ಆಪರೇಷನ್ ನಡೆದದ್ದು ಮಾಮೂಲಿ ಅರಿವಳಿಕೆ ಇಂಜೆಕ್ಷನ್ನಿನಲ್ಲಿ. ಸೂಜಿ ಹಾಕಿದ್ದು ಆಮೇಲೆ ಬಂದ ಹೊಟ್ಟೆಯ ಸಂಕಟಕ್ಕೆ. ಜರ್ಮನಿಯಲ್ಲಿ 1,162 ಜನ ಸೊಂಟನೋವಿನವರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2007ರಲ್ಲಿ ಬಂತು. ಚೀನೀ ಪದ್ಧತಿಯ ಬಿಂದುಗಳಿಗೆ ಸೂಜಿ ಹಾಕಿಸಿಕೊಂಡವರಲ್ಲಿ ಆರು ತಿಂಗಳ ಮೇಲೆ ಶೇ 47.6 ಜನಕ್ಕೆ ಗುಣ ಕಂಡಿತು. ಬಿಂದು ಅಲ್ಲದ ಜಾಗದಲ್ಲಿ ಮೇಲೆ ಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ 44.2. ಮಾತ್ರೆ, ವ್ಯಾಯಾಮ ಮಾತ್ರ ಪಡೆದವರಲ್ಲಿ ಶೇ 27.4. ಈ ಮೂರು ಅಂಕಿಗಳನ್ನು ಒಟ್ಟಿಗೆ ಓದಬೇಕು. ಸೂಜಿಯ ಗುಂಪು ಗೆದ್ದಿತು ಅಂತ ಅರ್ಧ ಹೇಳಿ ನಿಲ್ಲಿಸುವುದು ಮೋಸ. ಬಿಂದು ಯಾವುದಾದರೂ ಹೆಚ್ಚು ವ್ಯತ್ಯಾಸ ಆಗಲಿಲ್ಲ ಅನ್ನುವುದೂ ಅದರಲ್ಲೇ ಇದೆ. ಸೂಜಿ ತಾಗಿದಾಗ ದೇಹದ ಸ್ವಂತ ನೋವುನಿವಾರಕಗಳು ಬಿಡುಗಡೆಯಾಗುತ್ತವೆ ಅನ್ನುವುದಕ್ಕೆ 1970ರ ದಶಕದಿಂದ ಪ್ರಯೋಗಗಳ ಆಧಾರ ಇದೆ. ಜೊತೆಗೆ ಅರ್ಧ ಗಂಟೆ ಯಾರೂ ಕರೆಯದೆ ಮಲಗುವುದು, ತನ್ನ ಮಾತನ್ನು ಒಬ್ಬರು ಪೂರ್ತಿ ಕೇಳಿಸಿಕೊಳ್ಳುವುದು, ಇವುಗಳ ಪಾಲೂ ಇದೆ. ಅದನ್ನು ನಾನು ಕೀಳಾಗಿ ಕಾಣುವುದಿಲ್ಲ. ಬೆಳಗಿನ ಜಾವದಿಂದ ದುಡಿಯುವ ಹೆಂಗಸಿಗೆ ಅಂಥ ಅರ್ಧ ಗಂಟೆ ಬೇರೆಲ್ಲೂ ಸಿಗುವುದಿಲ್ಲ.

ಹಳೆಯ ಸೊಂಟನೋವು, ಪದೇ ಪದೇ ಬರುವ ಅರೆತಲೆನೋವು, ಆಪರೇಷನ್ ನಂತರದ ವಾಕರಿಕೆ ಇವಕ್ಕೆ ಪ್ರಯತ್ನಿಸಬಹುದು. ಮೊಣಕಾಲು ಸವೆತದ ವಿಷಯದಲ್ಲಿ ದೇಶದೇಶಗಳ ಮಾರ್ಗಸೂಚಿಗಳೇ ಒಂದು ಮಾತಾಡುವುದಿಲ್ಲ. ಇಂಗ್ಲೆಂಡಿನದು 2022ರಲ್ಲಿ ಬೇಡ ಅಂದಿದೆ. ಸಕ್ಕರೆ ಕಾಯಿಲೆ, ಬಿ.ಪಿ, ಫಿಟ್ಸ್, ಕ್ಯಾನ್ಸರ್ ಗುಣಪಡಿಸುತ್ತೇವೆ, ಮಾತ್ರೆ ನಿಲ್ಲಿಸಿ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹಾಗೆಯೇ ಚೀನೀ ಗಿಡಮೂಲಿಕೆ ಪುಡಿ ಅಂತ ಹೆಸರಿಲ್ಲದ ಪೊಟ್ಟಣ ಕೊಟ್ಟರೆ ತಗೊಳ್ಳಬೇಡಿ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಯಲ್ಲಿ ಒಂದು ಚೀನೀ ಬೇರಿನ ಬದಲು ಹೆಸರು ಹೋಲುವ ಇನ್ನೊಂದು ಬೇರು ಸೇರಿಹೋಗಿ ನೂರಕ್ಕೂ ಹೆಚ್ಚು ಹೆಂಗಸರ ಮೂತ್ರಪಿಂಡ ಕೆಟ್ಟವು. ಆ ಗಿಡದ ಕುಲ ಅರಿಸ್ಟೊಲೋಕಿಯಾ. ನಮ್ಮ ಈಶ್ವರಿ ಬಳ್ಳಿಯೂ ಅದೇ ಕುಲದ್ದು, ವಿಷವೂ ಅದೇ. ಬೇರು ತೇಯ್ದು ಕುಡಿಸುವ ರೂಢಿ ಇರುವ ಮನೆಗಳಲ್ಲಿ ದಯವಿಟ್ಟು ಈ ಮಾತು ತಲುಪಿಸಿ.

ಈ ವಿದ್ಯೆ ನಮ್ಮಲ್ಲಿಗೆ ಬಂದದ್ದು ಹೇಗೆ ಅಂತ ಕೇಳುವವರಿಗೆ ಒಂದು ಮಾತು. 1938ರಲ್ಲಿ ಯುದ್ಧದಲ್ಲಿದ್ದ ಚೀನಾಕ್ಕೆ ನಮ್ಮ ಐದು ಜನ ವೈದ್ಯರು ಹೋದರಲ್ಲ, ಕೋಟ್ನಿಸ್ ಅಲ್ಲೇ ತೀರಿಕೊಂಡರು. ಅದೇ ತಂಡದ ಬಿಜಯ್ ಕುಮಾರ್ ಬಸು ಅವರು ಮುಂದೆ ಚೀನಾದಲ್ಲಿ ಅಕ್ಯುಪಂಕ್ಚರ್ ಕಲಿತು 1959ರ ಸುಮಾರಿಗೆ ಕಲ್ಕತ್ತಾದಲ್ಲಿ ಶುರುಮಾಡಿದರು. ಕೇಂದ್ರ ಸರ್ಕಾರ 2003ರಲ್ಲಿ ಇದನ್ನು ಒಂದು ಚಿಕಿತ್ಸಾ ವಿಧಾನ ಅಂತಲೂ, 2019ರಲ್ಲಿ ಸ್ವತಂತ್ರ ಪದ್ಧತಿ ಅಂತಲೂ ಒಪ್ಪಿತು. ಹಾಗಂತ ಬೋರ್ಡು ಹಾಕಿದವರೆಲ್ಲ ಕಲಿತವರಲ್ಲ. ಎಲ್ಲಿ, ಎಷ್ಟು ವರ್ಷ ಕಲಿತಿರಿ ಅಂತ ಕೇಳುವುದಕ್ಕೆ ಸಂಕೋಚ ಬೇಡ.

ಶಿಡ್ಲಘಟ್ಟದ ಅಮ್ಮನಿಗೆ ಮತ್ತೆ ಬರೋಣ. ವಾರಕ್ಕೆ ಎರಡು ಸಲದಂತೆ ಆರು ಸಲ. ಮನೆಯಲ್ಲಿ ಅಡುಗೆಗೂ ಶುದ್ಧ ನೀರು. ಕೂರುವ ಮಣೆಯನ್ನು ಎತ್ತರಿಸಿ, ಮಂಡಿ ತೊಂಬತ್ತು ಡಿಗ್ರಿಗಿಂತ ಹೆಚ್ಚು ಮಡಿಯದಂತೆ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ. ಮಲಗಿ ಕಾಲು ನೇರ ಮಾಡಿ ಮಂಡಿಯನ್ನು ಹಾಸಿಗೆಗೆ ಒತ್ತಿ ಐದು ಎಣಿಸುವ ವ್ಯಾಯಾಮ, ಬೆಳಗ್ಗೆ ಹತ್ತು, ಸಂಜೆ ಹತ್ತು. ವೈದ್ಯರು ಬರೆದ ಮಾತ್ರೆ ಅವರನ್ನು ಕೇಳದೆ ನಿಲ್ಲಿಸುವ ಹಾಗಿಲ್ಲ. ಆರನೆಯ ಸಲ ಬಂದಾಗ 'ನೋವು ಹೇಗಿದೆ' ಅಂತ ಕೇಳಿದರೆ ಮರ್ಯಾದೆಗೆ 'ಪರವಾಗಿಲ್ಲ' ಅನ್ನುತ್ತಾರೆ. ಅದಕ್ಕೆ ಬೇರೆ ಥರ ಕೇಳಬೇಕು. ಮೊದಲ ದಿನ ಬಸ್ಸು ಹತ್ತುವಾಗ ಯಾವ ಕಾಲು ಮೊದಲು ಇಡುತ್ತಿದ್ದಿರಿ, ಈಗ ಯಾವುದು? ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ? ನೆಲದಿಂದ ಏಳುವಾಗ ಗೋಡೆ ಹಿಡಿಯುತ್ತೀರಾ? ಮೂರಕ್ಕೂ ಉತ್ತರ ಮೊದಲಿನದೇ ಆಗಿದ್ದರೆ ಏಳನೆಯ ಸಲಕ್ಕೆ ದಿನ ಕೊಡಬಾರದು. ಮೂಳೆ ತಜ್ಞರಿಗೆ ಒಂದು ಚೀಟಿ ಬರೆದುಕೊಡಬೇಕು.

ನೀವು ಹೋಗುವಾಗ ಹೊಟ್ಟೆಗೆ ಏನಾದರೂ ತಿಂದು ಹೋಗಿ, ಮಂಡಿಯವರೆಗೆ ಸರಿಸಲು ಬರುವ ಸಡಿಲ ಬಟ್ಟೆ ಹಾಕಿಕೊಳ್ಳಿ, ಮಾತ್ರೆ ಚೀಟಿಗಳನ್ನೆಲ್ಲ ತಗೊಂಡು ಹೋಗಿ. ಸೂಜಿಯ ಪ್ಯಾಕೆಟ್ಟನ್ನು ನಿಮ್ಮ ಕಣ್ಣೆದುರೇ ಹರಿಯಬೇಕು. ತೆಗೆದ ಸೂಜಿ ಬಿಳಿಯ ಗಟ್ಟಿ ಡಬ್ಬಿಗೆ ಬೀಳಬೇಕು, ಕಸದ ಬುಟ್ಟಿಗಲ್ಲ. ಹಾಕುವಾಗ ಎಷ್ಟು ಅಂತ ಎಣಿಸಿಕೊಳ್ಳಿ, ತೆಗೆಯುವಾಗಲೂ ಎಣಿಸಿ. ಏಳು ಹೋಗಿ ಆರು ಬಂದಿದ್ದರೆ ಮಂಚದಿಂದ ಇಳಿಯಬೇಡಿ, ಕೂದಲಿನೊಳಗೋ ಹರಡಿನ ಹಿಂದೆಯೋ ಒಂದು ಉಳಿದಿರುತ್ತದೆ.